ಅಣ್ಣನ ಗಾಡಿಗೆ ನೀಲಿ ಬಣ್ಣ

ಯಂಕೋಬನ ಅಣ್ಣ ಅಯ್ಯಪ್ಪ ಮಾನ್ವಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಕೂಲಿ ಮಾಡಿ ಬದುಕಿದ ಮನೆತನದಲ್ಲಿ ನೌಕರಿ ಹಿಡಿದ ಮೊದಲನೆಯವನು ಅವನೇ. ಹಳ್ಳಿಗಳನ್ನು ತಿರುಗಲು ರಾಯಚೂರಿನಿಂದ ಹಳೆಯದೊಂದು ಹಸಿರು ರಾಜದೂತ್ ಮೋಟಾರ್ ಸೈಕಲ್ ತಂದಿದ್ದ. ಆಕಳು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಬಾಗಿಲಿಗೆ ಬಂದರೆ ಉಣ್ಣುವ ತಾಟು ಬಿಟ್ಟು ಹೊರಡುತ್ತಿದ್ದ. ಎಪ್ಪತ್ತೆಂಟರ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಊರ ಔಷಧಗಳೆಲ್ಲ ಮುಗಿದ ಮೇಲೆ ರಾಯಚೂರಿನ ದವಾಖಾನೆಗೆ ಒಯ್ದರು. ಅಲ್ಲಿಂದ ಅವನು ಜೀವಂತ ತಿರುಗಿ ಬರಲಿಲ್ಲ. ಹೆಂಡತಿ ದುರುಗಮ್ಮನಿಗೆ ಇನ್ನೂ ಮಕ್ಕಳಾಗಿರಲಿಲ್ಲ.

ಮರುವರ್ಷ ಯಂಕೋಬನಿಗೆ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತು. ಶಾಲೆಯ ಹೊತ್ತಿಗೆ ಬಸ್ಸು ಇರಲಿಲ್ಲ. ದುರುಗಮ್ಮ ಗಾಡಿಯ ಕೀಲಿ ತಂದು ಮೈದುನನ ಕೈಯಲ್ಲಿಟ್ಟಳು.

"ತಗೋ ತಮ್ಮಾ. ನಿಂತಲ್ಲೇ ಜಂಗು ಹಿಡಿಯಾಕತ್ತದ. ನಿಮ್ಮಣ್ಣ ಇದ್ದಿದ್ರ ಹಂಗ ಬಿಡ್ತಿದ್ನೇನು?"

ಮೊದಲ ದಿನ ಶಾಲೆ ಮುಗಿಸಿ ಬಂದಾಗ ತಾಯಿ ಮಾನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಓಣಿಯ ತಿರುವಿನಲ್ಲಿ ಹಸಿರು ಗಾಡಿ ಕಂಡದ್ದೇ ತಡ, ಕೈಯೂರಿ ಎದ್ದುನಿಂತಳು. "ಬಂದೀ ಏನಪ್ಪಾ ಅಯ್ಯಪ್ಪಾ!" ಅಂದಳು. ಆ ಮುಖದಲ್ಲಿ ಅಂಥ ಬೆಳಕನ್ನು ಯಂಕೋಬ ಅಣ್ಣ ಸತ್ತ ಮೇಲೆ ನೋಡಿರಲಿಲ್ಲ. ಗಾಡಿ ಹತ್ತಿರವಾಯಿತು. "ನೀನೇನು..." ಎಂದವಳೇ ಮೆಲ್ಲಗೆ ಕೂತುಬಿಟ್ಟಳು.

ದಿನಾ ಹೀಗೇ ಆಯಿತು. ಯಂಕೋಬ ಒಮ್ಮೊಮ್ಮೆ ಓಣಿಯ ತುದಿಯಲ್ಲೇ ಎಂಜಿನ್ ಬಂದ್ ಮಾಡಿ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಸದ್ದಿಲ್ಲದಿದ್ದರೂ ಬಣ್ಣ ಕಾಣುತ್ತಿತ್ತು. ತಾಯಿ ಏಳುತ್ತಿದ್ದಳು, ಕೂಡುತ್ತಿದ್ದಳು. ತಾನು ಮನೆಗೆ ಬರುವುದೇ ತಾಯಿಗೆ ಮತ್ತೆ ಮತ್ತೆ ಒಂದು ಸಾವಿನ ಸುದ್ದಿ ತಂದ ಹಾಗೆ ಆಗುತ್ತಿದೆಯಲ್ಲ ಎಂದು ಅವನ ಜೀವ ಹಿಂಡುತ್ತಿತ್ತು. ಶಾಲೆ ಬಿಟ್ಟ ಮೇಲೂ ಸುಮ್ಮನೆ ಹೊಳೆಯ ದಂಡೆಯಲ್ಲಿ ಕೂತು ತಡಮಾಡತೊಡಗಿದ.

ಒಂದು ದಿನ ಅವಸರದಿಂದ ಏಳಲು ಹೋಗಿ ಮಾನಮ್ಮ ಕಟ್ಟೆಯಿಂದ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಅವಳನ್ನು ಒಳಗೆ ಮಲಗಿಸಿ ಬಂದ ಯಂಕೋಬ ದುರುಗಮ್ಮನಿಗೆ ಹೇಳಿದ:

"ಯಕ್ಕಾ, ಗಾಡಿ ಬಣ್ಣ ಬದಲ್ ಮಾಡಿಬಿಡಾಮು. ಅವ್ವ ಹಿಂಗ ದಿನಾ ಎದ್ದು ಬಿದ್ರ ಹೆಂಗ?"

ದುರುಗಮ್ಮ ಅವನನ್ನೇ ನೋಡಿದಳು. "ಅತ್ತಿ ಸಲುವಾಗಿ ಮಾಡಾಕತ್ತೀಯೋ, ನಿನ್ನ ಸಲುವಾಗೋ?"

ಯಂಕೋಬ ಕೈಗೆ ಹತ್ತಿದ ರಕ್ತ ಒರೆಸಿಕೊಂಡ. ಅವಳೇ, "ಮಾಡು. ನನಗೂ ಅದನ್ನ ನೋಡಾಕ ಆಗವಲ್ದು" ಅಂದಳು.

ಬೇಸಿಗೆ ರಜೆ ಬಿದ್ದ ಕೂಡಲೇ ಯಂಕೋಬ ರಾಯಚೂರಿಗೆ ಹೋದ. ಗಾಡಿ ರಿಪೇರಿಯ ಸತ್ತಾರ್ ಸಾಬ್ ಅಯ್ಯಪ್ಪನಿಗೆ ಬಹಳ ಬೇಕಾದವನು. ಅವನು ಗಾಡಿಯ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.

"ಇಲ್ಲೇ ಬಿಟ್ಟು ಹೋಗ್ರಿ ಮಾಸ್ತರ್, ನಾ ಹೊಡದು ಕೊಡ್ತೀನಿ."

"ಬ್ಯಾಡ ಸಾಬ್. ಮನ್ಯಾಗ ನಾನ ಮಾಡ್ತೀನಿ. ಹೆಂಗಂತ ಹೇಳಿಕೊಡ್ರಿ ಸಾಕು."

ಅಣ್ಣನ ಬಣ್ಣವನ್ನು ಬೇರೆಯವರು ಕೆರೆಯುವುದು ಅವನಿಗೆ ಬೇಕಿರಲಿಲ್ಲ. ನೀಲಿ ಬಣ್ಣದ ಡಬ್ಬಿ, ಅದರ ಕೆಳಗೆ ಬಳಿಯಲು ಕೆಂಪು ಪ್ರೈಮರ್, ತಿಕ್ಕುವ ಕಾಗದ, ಒಂದು ಒಳ್ಳೆಯ ಕುಂಚ ಕಟ್ಟಿಸಿಕೊಂಡು ಮಾನ್ವಿಗೆ ಬಂದ.

ಹಿತ್ತಿಲಿನಲ್ಲಿ ಗಾಡಿ ಬಿಚ್ಚಿದ. ಪೆಟ್ರೋಲು ಬಸಿದು ಟಾಕಿ ಇಳಿಸಿದ, ಮಡ್ಗಾರ್ಡುಗಳನ್ನು ಕಳಚಿ ಗೋಣಿತಟ್ಟಿನ ಮೇಲೆ ಹಾಸಿದ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ತಿಕ್ಕತೊಡಗಿದ. ಹಸಿರು ನೀರು ಮೊಣಕೈವರೆಗೆ ಇಳಿಯಿತು. ಟಾಕಿಯ ಎರಡೂ ಪಕ್ಕಕ್ಕೆ ಅಯ್ಯಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿತ್ತು. ಯಂಕೋಬ ಗಿಡ್ಡ, ಅವನ ಮೊಣಕಾಲು ಅಲ್ಲಿಗೆ ಎಂದೂ ತಾಗುತ್ತಿರಲಿಲ್ಲ. ಅಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ತಿಕ್ಕಿದ. ಕಡೆಗೆ ಅದೊಂದೇ ಉಳಿದಾಗ ಕೈ ಏಳಲಿಲ್ಲ.

ದುರುಗಮ್ಮ ರೊಟ್ಟಿ ಬಡಿಯುವುದು ಬಿಟ್ಟು ಬಂದು ಎದುರು ಕೂತಳು. "ಹಿಂದಿನ ಮಡ್ಗಾರ್ಡು ಇತ್ತಾಗ ಕೊಡು" ಅಂದಳು. ಕಾಗದ ಅದ್ದಿ ತಿಕ್ಕುತ್ತಲೇ ಹೇಳಿದಳು:

"ದೇವದುರ್ಗಕ್ಕ ತೌರಮನಿಗೆ ಹೋಗುವಾಗ ಇದರ ಮ್ಯಾಲೆ ಕುಂದ್ರತಿದ್ದೆ. ತೆಗ್ಗು ಬಂದ್ರ ಬೇಕಂತನ ಜೋರು ಹೊಡಿತಿದ್ದ. ನಾ ಗಟ್ಟಿ ಹಿಡ್ಕೊಳ್ಳಿ ಅಂತ."

ಇಬ್ಬರೂ ನಗಲಿಲ್ಲ. ಟಾಕಿಯ ಉಳಿದ ಜಾಗವನ್ನು ಅವಳೇ ತಿಕ್ಕಿದಳು.

ವೈಶಾಖದ ಗಾಳಿ ಧೂಳೆಬ್ಬಿಸುತ್ತಿತ್ತು. ಹಸಿ ಬಣ್ಣಕ್ಕೆ ಧೂಳು ಹತ್ತಬಾರದೆಂದು ಹಿತ್ತಿಲಿಗೆಲ್ಲ ನೀರು ಚಿಮುಕಿಸಿ, ಸುತ್ತ ದುರುಗಮ್ಮನ ಹಳೆಯ ಸೀರೆಗಳನ್ನು ಕಟ್ಟಿದರು. ಪ್ರೈಮರ್ ಒಣಗಿದ ಮೇಲೆ ನೀಲಿ ಬಳಿದರು, ತಿಕ್ಕಿ ಮತ್ತೊಂದು ಪದರು ಬಳಿದರು. ರಿಪೇರಿ ನಡೆದಿದೆ ಎಂದಷ್ಟೇ ತಾಯಿಗೆ ಹೇಳಿದ್ದರು.

ಶಾಲೆ ಶುರುವಾದ ದಿನ ಸಂಜೆ ಯಂಕೋಬ ತಡಮಾಡದೆ ಮನೆಗೆ ಹೊರಟ. ಇವತ್ತು ಅವ್ವ ತನ್ನನ್ನೇ ನೋಡುತ್ತಾಳೆ ಎಂಬ ಆಸೆ ಅವನಿಗೆ. ಗಾಡಿ ತಿರುವು ದಾಟಿತು. ಕಟ್ಟೆಯ ಮೇಲಿದ್ದ ಮಾನಮ್ಮ ಕದಲಲಿಲ್ಲ. ಗಾಡಿ ನಿಂತ ಮೇಲೆ ಟಾಕಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು. "ಬಂದ್ಯಾ?" ಎಂದು ಎದ್ದು ಒಳಗೆ ಹೋದಳು.

ಅಂದಿನಿಂದ ಅವಳು ಕಟ್ಟೆಗೆ ಬರುವುದೇ ನಿಂತಿತು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ರೊಟ್ಟಿ ಮುರಿದು ತಾಟಿನಲ್ಲೇ ಬಿಡುತ್ತಿದ್ದಳು. ಯಂಕೋಬ ಒಂದು ಸಂಜೆ ಅವಳ ಪಕ್ಕ ಹೋಗಿ ಕೂತ.

"ಯವ್ವಾ, ಯಾಕ ಹೊರಗ ಕುಂದ್ರವಲ್ಲಿ?"

"ಹೊರಗ ಕುಂತು ಯಾರನ್ನ ಕಾಯಲಿ?"

"ನಾ ಬರ್ತೀನಲ್ಲ."

"ನೀ ಬರ್ತೀಯಪ್ಪಾ. ದಿನಾ ಬರ್ತೀ. ಬರಾವನಿಗೆ ಏನು ಕಾಯಾದು?" ಅವಳು ಇತ್ತ ಹೊರಳಿದಳು. "ನನಗ ಹುಚ್ಚು ಹಿಡದದ ಅಂದ್ಕೊಂಡ್ರಿ ನೀವು. ಅಂವ ಸತ್ತದ್ದು ನನಗ ಗೊತ್ತಿಲ್ಲೇನು? ಈ ಕೈಯಿಂದ್ಲೇ ಮಣ್ಣು ಹಾಕೀನಿ. ಆದ್ರ ಆ ಹಸರು ಬಣ್ಣ ಓಣಿ ಮೂಲಿಗೆ ಕಾಣತಿತ್ತಲ್ಲ, ಅಲ್ಲಿಂದ ಮನಿಮಟ ಬರೂತನ ಅಂವ ಇದ್ದ. ಅಷ್ಟ ಸಾಕಾಗಿತ್ತು ನನಗ."

ಯಂಕೋಬನಿಗೆ ತಡೆಯಲಾಗಲಿಲ್ಲ. "ನಾನೂ ನಿನ್ನ ಮಗ ಅದೀನಿ ಯವ್ವಾ" ಎಂದು ಅತ್ತ. ಹುಟ್ಟಿದಾಗಿನಿಂದ ಆ ಮಾತನ್ನು ಅವನು ಆಡಿರಲಿಲ್ಲ.

ಮಾನಮ್ಮ ಅವನ ತಲೆ ಸವರಿದಳು. "ಅದೀಯಪ್ಪಾ. ನೀ ಇರಾದಕ್ಕನ ನಾ ಇನ್ನಾ ಉಸುರು ಹಿಡ್ಕೊಂಡೀನಿ."

"ಮತ್ತ ಹಸರು ಬಳೀತೀನಿ. ನಾಳಿಗೇ ತರ್ತೀನಿ ಡಬ್ಬಿ."

"ಬ್ಯಾಡ. ಬಳದ್ರ ಅದು ನೀ ಬಳದ ಹಸರು. ಅಂವಂದಲ್ಲ."

ಮಳೆ ಶುರುವಾದ ಮೇಲೆ ಅವಳ ಕಾಲು ಬಾತವು. ಒಂದು ಮುಂಜಾನೆ, ನೀರಮಾನ್ವಿಗೆ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಬೇಕೆಂದಳು. ಬಸ್ಸಿನಲ್ಲಿ ಬೇಡ, ಗಾಡಿಯ ಮೇಲೆಯೇ ಆಗಲಿ ಎಂದಾಗ ಮಗ, ಸೊಸೆ ಇಬ್ಬರೂ ಬೆರಗಾದರು. ಅಯ್ಯಪ್ಪ ಎಷ್ಟು ಸಲ ಕೂಡಿಸಿಕೊಂಡು ಹೋಗುತ್ತೇನೆ ಅಂದರೂ ಹೆದರಿ ಒಲ್ಲೆ ಅಂದವಳು ಅವಳು. ದುರುಗಮ್ಮ ಹಿಂದೆ ಕೂತು ಅತ್ತೆಯನ್ನು ನಡುವೆ ಹಿಡಿದುಕೊಂಡಳು. ಊರು ದಾಟಿದ ಮೇಲೆ ಮಾನಮ್ಮ ಮಗನ ಬೆನ್ನಿಗೆ ಮುಖವಿಟ್ಟಳು.

"ಮೆಲ್ಲಕ ಹೊಡಿ ಅಯ್ಯಪ್ಪಾ" ಅಂದಳು.

ಮರೆತು ಅಂದಳೋ, ಬೇಕೆಂದೇ ಅಂದಳೋ ಅವನಿಗೆ ತಿಳಿಯಲಿಲ್ಲ.

"ಹ್ಞೂಂ ಯವ್ವಾ, ಮೆಲ್ಲಕ ಹೊಡಿತೀನಿ" ಎಂದು ಗಾಡಿ ನಿಧಾನಿಸಿದ. ಹಿಂದೆ ದುರುಗಮ್ಮ ಬಿಕ್ಕಿದ್ದು ಅವನಿಗೆ ಕೇಳಿಸಿತು.

ಅದೇ ಅವಳ ಕಡೆಯ ತಿರುಗಾಟವಾಯಿತು. ಜೋಳ ತೆನೆ ಕಟ್ಟುವ ಹೊತ್ತಿಗೆ ಮಾನಮ್ಮ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ದುರುಗಮ್ಮ ತೌರಿಗೆ ಹೊರಟಳು. ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು. ಅವಳ ಟ್ರಂಕನ್ನು ಗಾಡಿಗೆ ಕಟ್ಟಿಕೊಂಡು ಯಂಕೋಬನೇ ಬಿಟ್ಟುಬಂದ. ಹಾಸ್ಟೆಲಿನ ಬಾಗಿಲಲ್ಲಿ ಇಳಿದು ಸೆರಗು ಸರಿಮಾಡಿಕೊಳ್ಳುತ್ತ ಅವಳು ಹೇಳಿದಳು:

"ನೀ ಒಂದು ಮದಿವಿ ಮಾಡ್ಕೋ ತಮ್ಮಾ. ಒಬ್ಬಾಂವ ಮನ್ಯಾಗ ಹೆಂಗ ಇರ್ತೀ?"

"ಆತು ಯಕ್ಕಾ" ಅಂದ. ಒಳಗೆ ಕರೆದು ಚಹಾ ಕೊಟ್ಟಳು. ಕುಡಿದು, ಕಪ್ಪು-ಬಸಿ ತಾನೇ ತೊಳೆದಿಟ್ಟು, ಮಧ್ಯಾಹ್ನದ ಬಿಸಿಲಲ್ಲೇ ಹೊರಟುಬಂದ.