ಮೂರನೆಯ ಷರತ್ತು

ಶನಿವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಮೇಡಮ್ಮ ಮುಂದಿನ ವಾರದ ಡ್ಯೂಟಿ ಪಟ್ಟಿ ಬರೆಯಲು ಕೂತಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳು ಮೇಲ್ವಿಚಾರಕಿಯಾಗಿ ಹನ್ನೊಂದು ವರ್ಷ. ಕೈಕೆಳಗೆ ಐದು ಹೆಂಗಸರು, ಅವರಲ್ಲಿಬ್ಬರು ಓರಗಿತ್ತಿಯರು. ಐವರಿಗೂ ಐದು ಜಾಗ: ವಾರ್ಡುಗಳಿಂದ ಬರುವ ಕೊಳೆ ಬಟ್ಟೆಯ ಮೂಟೆ ಬಿಚ್ಚಿ ವಿಂಗಡಿಸುವ ಮೂಲೆಕೋಣೆ, ಒಗೆಯುವ ಯಂತ್ರ, ಒಣಗಿಸುವ ಡ್ರಮ್ಮು, ಇಸ್ತ್ರಿ ಮೇಜು, ಮಡಿಸುವ ಮೇಜು. ಯಾರನ್ನು ಎಲ್ಲಿ ಹಾಕುವುದೆಂದು ತಲೆ ಕೆಡಿಸಿಕೊಂಡು, ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಸಂಜೆ ಹೊತ್ತಿಗೆ ಗೋಡೆಗೆ ಅಂಟಿಸಿದರೆ ಒಂದು ವಾರದ ಭಾರ ಇಳಿದಂತೆ.

ಬಾಗಿಲಲ್ಲಿ ನೆರಳು ಬಿತ್ತು. ಮೂಲೆಕೋಣೆಯ ಕೆಲಸದವಳು. ಎಲ್ಲರೂ ಅವಳನ್ನು ಮೂಲೆಯವಳು ಎಂದೇ ಕರೆಯುತ್ತಿದ್ದರು.

"ಏನಮ್ಮಾ?"

"ಈ ಸಲನಾದ್ರೂ ನನ್ನ ಬೇರೆ ಕಡೆ ಹಾಕ್ತೀರಾ ಅಂತ ಕೇಳೋಕೆ ಬಂದೆ ಮೇಡಮ್ಮ." ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಗಾಗಿತ್ತು. "ಎರಡು ತಿಂಗಳು ಆ ಬಟ್ಟೆ, ಆ ಔಷಧಿ ನೀರು ಮುಟ್ಟಲೇಬೇಡ ಅಂದ್ರು ಡಾಕ್ಟ್ರು. ಇಸ್ತ್ರಿ ಕೊಟ್ರೂ ಸರಿ, ಯಂತ್ರ ಕೊಟ್ರೂ ಸರಿ. ಆಗಲ್ಲ ಅಂದ್ರೆ ತಿಂಗಳ ಕೊನೆಗೆ ಕೆಲಸ ಬಿಡಬೇಕಾಗುತ್ತೆ."

"ನಾನೇನು ಬೇಕು ಅಂತ ಮಾಡ್ತೀನಾ? ದೊಡ್ಡಕ್ಕನಿಗೆ ಮಂಡಿ ನೋವು, ಕೂತು ಮಡಿಸೋದು ಬಿಟ್ರೆ ಬೇರೆ ಆಗಲ್ಲ. ಇಡೀ ದಿನ ಬಡಬಡಿಸೋ ನಮ್ಮ ರೇಡಿಯೊ ಇದಾಳಲ್ಲ, ಅವಳು ಕೈ ಸುಟ್ಕೊಂಡಾಗಿಂದ ಇಸ್ತ್ರಿ ಕಂಡ್ರೆ ನಡುಗ್ತಾಳೆ. ಎಷ್ಟು ಲೆಕ್ಕ ಹಾಕಿದ್ರೂ ಬೇರೆ ದಾರಿ ಸಿಗೋದಿಲ್ಲ ಕಣಮ್ಮ. ನಿನಗಾದ್ರೆ ಅಭ್ಯಾಸ ಆಗಿದೆ."

ಮೂಲೆಯವಳು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು, "ಹೂಂ" ಎಂದು ಹೊರಟುಹೋದಳು. ಮೇಡಮ್ಮನಿಗೆ ಪಾಪ ಅನ್ನಿಸಿತು. ಆದರೆ ತಾನು ಸುಳ್ಳು ಹೇಳಿದೆ ಎಂದು ಅನ್ನಿಸಲಿಲ್ಲ.

ಆ ದಿನಗಳಲ್ಲಿ ಅವಳಿಗೆ ನಾಚಿಕೆಯಿದ್ದದ್ದು ಕಾಲೇಜಿನ ವಿಷಯಕ್ಕೆ. ಮೇಲ್ವಿಚಾರಕರಿಗೆಲ್ಲ ಪದವಿ ಇರಲೇಬೇಕೆಂದು ಆಸ್ಪತ್ರೆ ಹೊಸ ನಿಯಮ ಮಾಡಿತ್ತು. ನಲವತ್ತೈದರ ವಯಸ್ಸಿನಲ್ಲಿ ಬೆಳಿಗ್ಗೆ ಏಳಕ್ಕೆ ಮಕ್ಕಳ ಜೊತೆ ಬೆಂಚಿನ ಮೇಲೆ ಕೂರಬೇಕಾಯಿತು. ಮೊದಲ ದಿನವೇ ಗೇಟಿನವನು ಎದ್ದು ನಿಂತು, "ಪೋಷಕರ ಸಭೆ ನಾಳೆ ಅಮ್ಮಾ" ಎಂದಿದ್ದ. ಅದರ ಮೇಲೆ ಪರಿಮಿತ ಗಣಿತ ಎಂಬ ಕಡ್ಡಾಯ ವಿಷಯ ಬೇರೆ. ಗಣಗಳು, ಎಣಿಕೆ, ಸಂಭವನೀಯತೆ. ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿ, ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು. ಮಗಳು ಕೇಳಿದಾಗ, "ಇನ್ನೂ ಪೇಪರ್ ಕೊಟ್ಟಿಲ್ಲ" ಎಂದಳು.

ಸೋಮವಾರದ ತರಗತಿಗೆ ಎಲ್ಲರೂ ತಮ್ಮ ಮನೆಯ, ಇಲ್ಲವೇ ಕೆಲಸದ ಒಂದು ಜೋಡಣೆಯ ಲೆಕ್ಕ ತರಬೇಕೆಂದು ಗಣಿತದ ಮೇಷ್ಟ್ರು ಹೇಳಿದ್ದರು. ಹುಡುಗರು ಆಟದ ತಂಡಗಳನ್ನು ತಂದಿದ್ದರು. ಮೇಡಮ್ಮನ ಪಕ್ಕ ಕೂರುತ್ತಿದ್ದ, ಪೆನ್ನಿನ ಮುಚ್ಚಳ ಕಚ್ಚುವ ಹುಡುಗಿ ಎದ್ದು, "ನಮ್ಮನೇಲಿ ಏಳು ಜನ, ಒಂದೇ ಬಚ್ಚಲು ಸರ್" ಎಂದಳು.

ಮೇಷ್ಟ್ರು ಬೋರ್ಡಿನ ಮೇಲೆ ಗುಣಿಸಿದರು. "ಸರದಿಯಲ್ಲಿ ನಿಲ್ಲೋಕೆ ಐದು ಸಾವಿರದ ನಲವತ್ತು ರೀತಿ ಇದೆ. ಆದರೂ ನೀನು ದಿನಾ ಲೇಟು."

ನಗು ಅಡಗುವ ಮುಂಚೆಯೇ ಮೇಡಮ್ಮ ಕೈ ಎತ್ತಿದಳು. ಆ ತರಗತಿಯಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು. ಮಕ್ಕಳಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬ ಸಣ್ಣ ಹೆಮ್ಮೆಯಿಂದ ಮೂರು ತಿಂಗಳ ಪಟ್ಟಿಗಳನ್ನು ಬೆಂಚಿನ ಮೇಲೆ ಹರಡಿದಳು.

"ಇದು ನಿಜವಾದ ಲೆಕ್ಕ ಸರ್. ಐದು ಜನ, ಐದು ಜಾಗ. ಹನ್ನೊಂದು ವರ್ಷದಿಂದ ಬರೀತಿದ್ದೀನಿ. ಎಷ್ಟು ತಿರುಗಿಸಿದರೂ ನಾಲ್ಕೇ ಬಗೆ ಬರೋದು."

"ಷರತ್ತುಗಳನ್ನ ಹೇಳಿ, ನೋಡೋಣ."

"ದೊಡ್ಡಕ್ಕ ಮಡಿಸೋ ಮೇಜಲ್ಲೇ ಇರಬೇಕು. ಮಂಡಿ ನೋವು."

ಮೇಷ್ಟ್ರು ಬರೆದರು. "ಹಾಗಾದ್ರೆ ಉಳಿದ ನಾಲ್ಕು ಜನಕ್ಕೆ ನಾಲ್ಕು ಜಾಗ. ಇಪ್ಪತ್ನಾಲ್ಕು ರೀತಿ. ಆಮೇಲೆ?"

"ಒಬ್ಬಳಿಗೆ ಇಸ್ತ್ರಿ ಆಗಲ್ಲ. ಕೈ ಸುಟ್ಕೊಂಡಿದ್ದಳು."

"ಅವಳು ಇಸ್ತ್ರಿಯಲ್ಲಿರೋ ಆರು ರೀತಿ ಬಿಡೋಣ. ಹದಿನೆಂಟು ಉಳೀತು. ಮುಂದೆ?"

"ಅಷ್ಟೇ ಸರ್."

"ಅಷ್ಟೇ ಅಂದ್ರೆ ಉತ್ತರ ಹದಿನೆಂಟು."

"ಇಲ್ಲ ಸರ್, ನಾಲ್ಕು." ಅವಳ ದನಿ ಗಟ್ಟಿಯಾಗಿತ್ತು. "ಬೇಕಾದ್ರೆ ಪಟ್ಟಿ ನೋಡಿ."

ಮೇಷ್ಟ್ರಿಗೆ ಖುಷಿಯಾಯಿತು. ಕೈಗೆ ಅಂಟಿದ ಸೀಮೆಸುಣ್ಣ ಒರೆಸಿಕೊಂಡರು. "ಹದಿನೆಂಟು ಇರಬೇಕಾದ ಕಡೆ ನಾಲ್ಕೇ ಬರ್ತಿದೆ ಅಂದ್ರೆ, ನೀವು ಹೇಳದೆ ಬಿಟ್ಟಿರೋ ಷರತ್ತು ಇನ್ನೊಂದಿದೆ. ಹುಡುಕಿ."

ಪಕ್ಕದ ಹುಡುಗಿ ಪಟ್ಟಿಗಳನ್ನು ತನ್ನತ್ತ ಎಳೆದುಕೊಂಡಳು. ಒಂದರ ಕೆಳಗೊಂದು ಇಟ್ಟು ಬೆರಳಿಟ್ಟು ಓದುತ್ತಾ ಹೋದಳು. ಯಂತ್ರದ ಕೆಳಗೆ ವಾರವಾರಕ್ಕೂ ಹೆಸರು ಬದಲಾಗುತ್ತಿತ್ತು. ಡ್ರಮ್ಮಿನ ಕೆಳಗೂ, ಇಸ್ತ್ರಿಯ ಕೆಳಗೂ.

"ಆಂಟಿ, ಮೂಲೆಕೋಣೆ ಅಂತ ಇದೆಯಲ್ಲ, ಅಲ್ಲಿ ಎಲ್ಲ ವಾರಾನೂ ಇವರೊಬ್ಬರೇ ಇದ್ದಾರೆ. ಯಾಕೆ?"

"ಅದು ಷರತ್ತಲ್ಲಮ್ಮ," ಎಂದಳು ಮೇಡಮ್ಮ. "ಅದು... ಹಾಗೇ."

"ಲೆಕ್ಕದಲ್ಲಿ 'ಹಾಗೇ' ಅಂತ ಇರೋದಿಲ್ಲ," ಎಂದರು ಮೇಷ್ಟ್ರು. ಅವರಿಗೆ ಗೊತ್ತಿದ್ದದ್ದು ಲೆಕ್ಕ ಮಾತ್ರ, ಕುಹಕವಿರಲಿಲ್ಲ. "ಇದೇ ಮೂರನೇ ಷರತ್ತು. ಇದನ್ನ ಸೇರಿಸಿದ್ರೆ ಸರಿಯಾಗಿ ನಾಲ್ಕೇ ಬರುತ್ತೆ, ನಿಮ್ಮ ಲೆಕ್ಕ ಸರಿ. ಮೊದಲನೇದಕ್ಕೆ ಮಂಡಿ ನೋವು, ಎರಡನೇದಕ್ಕೆ ಸುಟ್ಟ ಕೈ. ಇದಕ್ಕೆ ಕಾರಣ ಏನು ಬರೀಲಿ?"

ಬೋರ್ಡಿನ ಮೇಲೆ 3 ಎಂದು ಬರೆದು ಅವರು ಕಾದರು. ಅರವತ್ತು ಮಕ್ಕಳೂ ಕಾದರು. ಏನಾದರೂ ಹೇಳಲೇಬೇಕಿತ್ತು. ಮೇಡಮ್ಮನ ಬಾಯಿಂದ ಬಂದದ್ದು ಇಷ್ಟು:

"ಅವಳ ಅಮ್ಮನೂ ಅಲ್ಲೇ ಇದ್ದಳು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ತಟ್ಟನೆ ನಿಲ್ಲಿಸಿದರು. ಹನ್ನೊಂದು ವರ್ಷ ತಲೆಯೊಳಗೇ ಇದ್ದು ಒಮ್ಮೆಯೂ ತೊಂದರೆ ಕೊಡದ ಮಾತು, ಹೊರಗೆ ಬಂದು ಅವಳ ಕಿವಿಗೇ ಬಿದ್ದಾಗ ಹೇಗಿತ್ತೆಂದರೆ, ಬೆಂಚಿನ ಕೆಳಗೆ ತೂರಿಕೊಳ್ಳುವ ಹಾಗಿದ್ದರೆ ತೂರಿಕೊಳ್ಳುತ್ತಿದ್ದಳು. ಮೇಷ್ಟ್ರು ಸೀಮೆಸುಣ್ಣ ಎತ್ತಿದ್ದವರು ಏನೂ ಬರೆಯದೆ ಕೆಳಗಿಟ್ಟರು. ಪಕ್ಕದ ಹುಡುಗಿ ಪಟ್ಟಿಗಳನ್ನು ಜೋಡಿಸಿ, ಅವಳ ಮುಖ ನೋಡದೆ ವಾಪಸು ಕೊಟ್ಟಳು. ಆರು ಅಂಕ ಬಂದ ದಿನ ಇದೇ ಹುಡುಗಿ "ಬಿಡಿ ಆಂಟಿ, ಮುಂದಿನ ಸಲ ತೆಗೀತೀರ" ಎಂದು ಕೈ ಹಿಡಿದಿದ್ದಳು.

ಆ ವಾರವೆಲ್ಲ ಮೇಡಮ್ಮ ನೆಲ ನೋಡಿಕೊಂಡೇ ಕೆಲಸ ಮಾಡಿದಳು. ಮೂಲೆಯವಳಿಗೆ ಏನಾದರೂ ಹೇಳಬೇಕೆಂದು ಮೂಲೆಕೋಣೆಯವರೆಗೆ ಎರಡು ಸಲ ಹೋದಳು. ಎರಡು ಸಲವೂ ಹೊಸ್ತಿಲ ಹೊರಗೇ ಕಾಲು ನಿಂತವು. ಆಗ ಅವಳಿಗೆ ಹೊಳೆಯಿತು: ತಾನು ಈ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಇಷ್ಟು ವರ್ಷ ಏನು ಹೇಳುವುದಿದ್ದರೂ ಹೊರಗಿನಿಂದಲೇ ಕೂಗಿ ಹೇಳಿದ್ದಾಯಿತು.

ಮತ್ತೆ ಶನಿವಾರ ಬಂತು. ಹದಿನೆಂಟೂ ಬಗೆಗಳನ್ನು ಒಂದು ಹಾಳೆಯಲ್ಲಿ ಬರೆದಳು. ಅವುಗಳಲ್ಲಿ ಹದಿನಾಲ್ಕರಲ್ಲಿ ಮೂಲೆಯವಳು ಮೂಲೆಯಲ್ಲಿರಲಿಲ್ಲ. ಈ ಸಲ ನಾಲ್ಕು ವಾರಗಳ ಪಟ್ಟಿ ಒಟ್ಟಿಗೇ ಸಿದ್ಧವಾಗಲು ಹತ್ತು ನಿಮಿಷ ಸಾಕಾಯಿತು. ಅಂಟಿಸಲು ಧೈರ್ಯ ಬಂದದ್ದು ಸೋಮವಾರ ಬೆಳಿಗ್ಗೆ.

ಮೊದಲು ನೋಡಿದವಳು ರೇಡಿಯೊ. "ಇದೇನು ಮೇಡಮ್ಮ, ಎರಡನೇ ವಾರ ಮೂಲೆಕೋಣೆಗೆ ನನ್ನ ಹೆಸರು! ಕಾಲೇಜಿಗೆ ಹೋಗಿ ತಲೆ ಕೆಡ್ತಾ ನಿಮಗೆ?"

"ಸರದಿ ಪ್ರಕಾರ ಎಲ್ಲರಿಗೂ ಬರುತ್ತೆ. ನಿನ್ನ ನಂತರ ಓರಗಿತ್ತಿಯರಿಬ್ಬರೂ ಇದ್ದಾರೆ."

ಓರಗಿತ್ತಿಯರು ಮುಖ ಮುಖ ನೋಡಿಕೊಂಡರು. "ನಾವು ಅಂಥ ಕೆಲಸ ಮಾಡೋ ಮನೆಯವರಲ್ಲ," ಎಂದಳು ಹಿರಿಯಳು. "ಗೊತ್ತಾದ್ರೆ ಅತ್ತೆ ಒಳಗೇ ಸೇರಿಸಲ್ಲ."

"ನಾನೇನು ಕೇಳಬಾರದ್ದು ಕೇಳಲಿಲ್ಲ," ಎಂದು ರೇಡಿಯೊ ದನಿ ಏರಿಸಿದಳು. "ಅವಳಿಗೆ ಅಭ್ಯಾಸ ಇದೆ. ನಮಗೆ ಯಾಕೆ?"

"ಅಭ್ಯಾಸ ಇರೋ ಕೈ ಹೇಗಿದೆ ಅಂತ ನೋಡಿದ್ದೀಯೇನೇ?" ಮಡಿಸುವ ಮೇಜಿನಿಂದ ದೊಡ್ಡಕ್ಕ ಕೇಳಿದಳು. "ಈ ಹಾಳು ಮಂಡಿ ನನ್ನ ಮಾತು ಕೇಳೋ ಹಾಗಿದ್ರೆ ನಾನೇ ಹೋಗ್ತಿದ್ದೆ. ಬಾಯಿಗೆ ಸ್ವಲ್ಪ ರಜಾ ಕೊಡು."

ಮೂಲೆಯವಳು ಪಟ್ಟಿಯ ಮುಂದೆ ನಿಂತಿದ್ದಳು. ಇಸ್ತ್ರಿಯ ಕೆಳಗೆ ಬರೆದ ಹೆಸರನ್ನು ಎರಡು ಸಲ ಓದಿದಳು. "ಮೇಡಮ್ಮ, ಇದು ಕೈ ತಪ್ಪಿ ಬರೆದದ್ದಾ?"

ಮೇಡಮ್ಮನ ಕಿವಿ ಬಿಸಿಯಾಯಿತು. ಎಲ್ಲರ ಎದುರಿಗೇ ಹೇಳಬೇಕು, ಇಲ್ಲದಿದ್ದರೆ ಹೇಳಿದ ಹಾಗಲ್ಲ.

"ತಪ್ಪಿ ಬರೆದದ್ದು ಇಷ್ಟು ವರ್ಷದ್ದು. ಬೇರೆ ದಾರಿ ಇಲ್ಲ ಅಂದಿದ್ದೆನಲ್ಲ, ಇತ್ತು. ಹದಿನಾಲ್ಕು ಇತ್ತು. ನಾನು ನೋಡಲಿಲ್ಲ. ಈ ವಾರ ಮೂಲೆಕೋಣೆ ನಂದು, ಯಂತ್ರಕ್ಕೆ ಇಬ್ಬರು ಇರಿ. ರಿಜಿಸ್ಟರು ಸಂಜೆ ಬರೀತೀನಿ."

ಮೂಲೆಯವಳು ನಗಲೂ ಇಲ್ಲ, ಕೈಯೂ ಮುಗಿಯಲಿಲ್ಲ. "ಬನ್ನಿ," ಎಂದು ಮುಂದೆ ನಡೆದಳು.

ಕೋಣೆಗೆ ಕಿಟಕಿಯಿರಲಿಲ್ಲ. ಎದುರು ಗೋಡೆಯಲ್ಲಿ ಒಂದು ಸಣ್ಣ ಫ್ಯಾನು ತಿರುಗುತ್ತಿತ್ತು. ನೆಲದ ಮೇಲೆ ರಾತ್ರಿ ವಾರ್ಡುಗಳಿಂದ ಇಳಿಸಿದ ಒಂಬತ್ತು ಮೂಟೆ. ಒಳಗೆ ಕಾಲಿಡುತ್ತಲೇ ಮೇಡಮ್ಮನ ಕೈ ತಾನಾಗಿ ಸೆರಗಿನ ಕಡೆ ಹೋಯಿತು. ಮೂಗಿನವರೆಗೆ ತಂದವಳು ಪಕ್ಕದಲ್ಲಿದ್ದವಳನ್ನು ನೋಡಿ ಕೆಳಗೆ ಬಿಟ್ಟಳು.

"ನಾನು ನಿನಗೆ..." ಎಂದು ಶುರು ಮಾಡಿದಳು.

"ಮಾತು ಆಮೇಲೆ ಮೇಡಮ್ಮ. ಕೈಗವಸು ಒಂದರ ಮೇಲೊಂದು ಎರಡು ಹಾಕ್ಕೊಳ್ಳಿ. ಮೂಟೆ ಬಿಚ್ಚಿದ ಕೂಡಲೇ ಕೈ ಹಾಕಬೇಡಿ. ಚಾದರದ ತುದಿ ಹಿಡಿದು ಮೆಲ್ಲಗೆ ಬಿಡಿಸಿ, ಒದರಬೇಡಿ. ಒಂದೊಂದ್ಸಲ ಒಳಗೆ ಸೂಜಿ ಇರುತ್ತೆ."

"ಸೂಜಿಯಾ? ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?"

"ನಮ್ಮಮ್ಮ."

"ಅವರಿಗೆ?"

"ಅವಳಿಗೆ ಯಾರೂ ಇರಲಿಲ್ಲ. ಚುಚ್ಚಿಸಿಕೊಂಡು ಕಲಿತಳು."

ಮೂಲೆಯವಳು ಇಸ್ತ್ರಿ ಮೇಜಿನ ಕಡೆ ಹೋದಳು. ಮೇಡಮ್ಮ ಮೊದಲ ಮೂಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗಂಟು ಬಿಗಿಯಾಗಿತ್ತು. ಎರಡೆರಡು ಕೈಗವಸಿನೊಳಗೆ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಹಳ ಹೊತ್ತು ಒದ್ದಾಡಿ ಗಂಟು ಬಿಚ್ಚಿದಳು. ಕೈ ಹಾಕಲಿಲ್ಲ. ಚಾದರದ ಒಂದು ತುದಿಯನ್ನು ಹಿಡಿದು, ಬಗ್ಗಿ ನೋಡುತ್ತಾ, ಮೆಲ್ಲಗೆ ಬಿಡಿಸತೊಡಗಿದಳು.