ಗೆಣ್ಣಿನ ಮೇಲಿನ ಗಂಟು

ಆ ಕಟುಕರ ಮನೆಯ ಗಂಡಸರಿಗೆ ಮೂವತ್ತು ದಾಟುತ್ತಲೇ ಬೆರಳ ಗೆಣ್ಣುಗಳ ಮೇಲೆ ಹಳದಿ ಗಂಟು ಏಳುತ್ತಿತ್ತು. ಕತ್ತಿ ಹಿಡಿದು ಬಂದದ್ದೆಂದು ಮೂರು ತಲೆಮಾರು ಮೀಸೆ ತಿರುವಿದ್ದೇ ತಿರುವಿದ್ದು. ಈಗ ಅಂಗಡಿ ನಡೆಸುವ ಅಣ್ಣನಂತೂ ಎಂಟು ವರ್ಷದ ಮಗಳ ಬೆರಳನ್ನೂ ಒತ್ತಿ ನೋಡಿ, ಇನ್ನೂ ಬಂದಿಲ್ಲವಲ್ಲೇ ಎಂದು ಕಾಡಿಸುತ್ತಿದ್ದ. ಆ ಗಂಡಸರಲ್ಲಿ ಒಬ್ಬನೂ ನಲವತ್ತೈದು ಕಂಡವನಲ್ಲ. ಅದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಅವನ ತಮ್ಮನಿಗೂ ಭಾವಮೈದುನನಿಗೂ ನೆಲ ತೊಳೆಯುವ ವಿಷಯಕ್ಕೆ ಜಗಳ ಹತ್ತಿತು. ಮಾತಿಗೆ ಮಾತು ಬೆಳೆದು ಭಾವಮೈದುನ ತಮ್ಮನ ಎದೆಗೊಂದು ಗುದ್ದಿದ. ತಮ್ಮ ಕೊಕ್ಕೆಗೆ ನೇತುಹಾಕಿದ್ದ ಮಾಂಸವನ್ನು ತಬ್ಬಿಕೊಂಡು ಹಾಗೇ ಜಾರಿ ಬಿದ್ದ, ಮತ್ತೆ ಏಳಲಿಲ್ಲ.

ಅಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗುದ್ದಿದ ಬಲಗೈಯನ್ನು ದರದರ ಎಳೆದು ಕೊರಡಿನ ಮೇಲಿಟ್ಟು, ಎಲುಬು ಕಡಿಯುವ ಕತ್ತಿಯನ್ನು ಎತ್ತಿ ಇಳಿಸಿದ. ಒಂದೇ ಏಟಿಗೆ ತುಂಡಾಗಲಿಲ್ಲ. ಭಾವಮೈದುನ ಅವನ ಅಂಗಿ ಹಿಡಿದು ಬೇಡಿಕೊಳ್ಳುತ್ತಿದ್ದಂತೆಯೇ ಎರಡನೆಯ ಏಟೂ ಬಿತ್ತು.

ಮೂರನೆಯ ದಿನ ಆಸ್ಪತ್ರೆಯಲ್ಲಿ, ಹೆಣ ಕೊಯ್ದ ಡಾಕ್ಟರಮ್ಮ ಪೊಲೀಸರು ಕೈಕೋಳ ಹಾಕಿ ಕರೆತಂದಿದ್ದ ಅಣ್ಣನ ಗೆಣ್ಣುಗಳನ್ನು ಒತ್ತಿ ನೋಡಿದರು. ತಮ್ಮ ಸತ್ತದ್ದು ಗುದ್ದಿಗಲ್ಲ, ಹೃದಯದ ನಾಳಗಳು ಕೊಬ್ಬಿನಿಂದ ಮೊದಲೇ ಕಟ್ಟಿಹೋಗಿದ್ದವು ಎಂದರು.

“ಲಿವರಿನ ಜೀವಕೋಶದ ಮೇಲೆ ಕೈಯಂಥ ಒಂದು ಪ್ರೋಟೀನ್ ಇರುತ್ತೆ. ರಿಸೆಪ್ಟರ್ ಅಂತೀವಿ. ರಕ್ತದಲ್ಲಿರೋ ಕೊಬ್ಬನ್ನ ಹಿಡಿದು ಒಳಗೆಳ್ಕೊಳ್ಳೋದು ಅದೇ. ನಿಮ್ಮ ವಂಶದಲ್ಲಿ ಅದು ಕೆಟ್ಟಿದೆ. ಈ ಗಂಟೂ ಆ ಕೊಬ್ಬೇ. ಮಕ್ಕಳಿದ್ರೆ, ಹೆಣ್ಣಾಗ್ಲಿ ಗಂಡಾಗ್ಲಿ, ಈಗಲೇ ರಕ್ತ ಪರೀಕ್ಷೆ ಮಾಡಿಸಿ. ಹೊತ್ತಿಗೆ ಸರಿಯಾಗಿ ಮಾತ್ರೆ ಶುರುವಾದ್ರೆ ಉಳೀತಾರೆ.”

ಸಾವಿರಾರು ಲಿವರು ಕೊಯ್ದವನು ಅವನು. ಅಲ್ಲಿ ಇಂಥದ್ದೊಂದು ಕೈಯಿದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳ ಬೆರಳುಗಳು ನೆನಪಾದವು. ಅವಳಿಗೆ ತಾಯಿಯಿಲ್ಲ. ಉಳಿದವನು ಸೋದರಮಾವ ಒಬ್ಬನೇ, ಅವನು ಮೇಲಿನ ವಾರ್ಡಿನಲ್ಲಿದ್ದ.

ಪೊಲೀಸಿನವನಿಗೆ ಅಂಗಲಾಚಿ ಅಲ್ಲಿಗೆ ಹೋದ. ಭಾವಮೈದುನನ ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ, ಬರೀ ಬ್ಯಾಂಡೇಜು. ಕ್ಷಮೆ ಕೇಳಲು ಮುಖವಿಲ್ಲದೆ, ಡಾಕ್ಟರಮ್ಮ ಹೇಳಿದ್ದನ್ನಷ್ಟೇ ಒಪ್ಪಿಸಿ, “ನೀನೇ ಅವಳನ್ನ ಕರ್ಕೊಂಡು ಹೋಗ್ಬೇಕು,” ಎಂದ.

ಭಾವಮೈದುನ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡ.

“ಹೋಗ್ತೀನಿ. ಆದ್ರೆ ರಸ್ತೆ ದಾಟೋವಾಗ ಅವಳು ಹುಡುಕೋದು ನನ್ನ ಬಲಗೈನೇ, ಭಾವ. ಏನು ಹೇಳ್ಲಿ?”

ಅಣ್ಣ ತನ್ನ ಗಂಟಿನ ಕೈಗಳನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ, ಕೈಕೋಳ ಬಿಡಲಿಲ್ಲ.