ಕಾಡಸಿದ್ದಪ್ಪನ ಕರಿನೂಲು ವೈರ್‌ಲೆಸ್ಸು

ಕಾಡಸಿದ್ದಪ್ಪ ಕೊರಟಗೆರೆಯಲ್ಲಿ ಒಂದು ಸಲ ಕೆಮ್ಮಿದರೆ ಪಾವಗಡದ ಕುರಿಗಳೆಲ್ಲ ಮೇಯುವುದು ಬಿಟ್ಟು ತಲೆಯೆತ್ತುತ್ತಿದ್ದವಂತೆ. ನಂಬದವರಿಗೆ ಅವನು ಇನ್ನೊಂದು ಸಲ ಕೆಮ್ಮಿ ತೋರಿಸುತ್ತಿದ್ದ.

"ಪೊಲೀಸ್ನೋರ ವೈರ್‌ಲೆಸ್ಸು ಮಳೆ ಬಂದ್ರೆ ಕೆಟ್ಟೋಯ್ತದೆ. ನಂದು ಕೆಡಕ್ಕಿಲ್ಲ ಕಣಣ್ಣ," ಎಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕಾಲು ಚಾಚಿದ.

ಅದು ಎಂಬತ್ತೆರಡರ ಬೇಸಿಗೆ. ಯಾವ ಕೆರೆಯಂಗಳದಲ್ಲಿ ಹುಲ್ಲಿದೆ ಎಂಬ ಸುದ್ದಿಯೇ ಕುರಿಯವರಿಗೆ ಪ್ರಾಣ. ಅದರಲ್ಲೂ ಕಾಡಸಿದ್ದಪ್ಪನ ಕುರಿಗಳು ಈಯುವ ಹೊತ್ತು. ಹೊಟ್ಟೆಗಿಲ್ಲದಿದ್ದರೆ ಮರಿಗಳು ಉಳಿಯುವಂತಿರಲಿಲ್ಲ.

"ಅದೆಂಗಪ್ಪ ನಿನ್ ವೈರ್‌ಲೆಸ್ಸು?" ಅಂಗಡಿಯ ಜಯರಾಮಯ್ಯ ಕೆಣಕಿದ.

"ನೋಡೋ ಕೆಲ್ಸ ನಮ್ ಓಬಳಪ್ಪಂದು. ಪಾವಗಡದಿಂದ ಕುರಿ ಮೇಯಿಸ್ಕೊಂಡು ಕೆರೆಗಳ್ನೆಲ್ಲ ನೋಡ್ತಾ ಬತ್ತಾನೆ. ಬಸ್ಸಿನ ಹಿಂದಿನ ಏಣಿಗೆ ಕರಿ ಉಣ್ಣೆನೂಲು ಕಟ್ತಾನೆ. ಒಂದೊಂದು ಕೆರೆಗೆ ಒಂದೊಂದು ತರ ಗಂಟು. ಹೊರೋ ಕೆಲ್ಸ ಕಂಡಕ್ಟರ್ ಕದಿರಯ್ಯಂದು. ಅವ್ನು ಅದನ್ನ ದೃಷ್ಟಿದಾರ ಅಂದ್ಕಂಡು ದಿನಾ ಕೈ ಮುಗೀತಾನೆ!"

"ಗಂಟು ಓದೋರು?"

"ನಾನೇ! ಯಾರಿಗೆಷ್ಟು ಬೇಕೋ ಅಷ್ಟೇ ತಿಳೀಬೇಕು. ಈ ಕಾನೂನು ಹಾಕ್ದೋನೂ ನಾನೇ."

"ಈವತ್ತು ಏನಂತೆ?"

"ಶಿರಾ ರಸ್ತೆ ಕೆರೆ. ಮೊಣಕಾಲುದ್ದ ಹುಲ್ಲು. ಮೊಣಕಾಲೇನು, ಕುರಿ ಮುಳುಗೋಯ್ತವೆ!"

ಹಿಂದಿನ ಬೆಂಚಿನಲ್ಲಿ ಯಾರೋ ಎದ್ದರು. ಪಕ್ಕದ ಹಟ್ಟಿಯ ಬೋರಣ್ಣ! ಎಲ್ಲಿ ಹುಲ್ಲು ಕಂಡರೂ ಮೊದಲು ತನ್ನ ಮಂದೆ ನುಗ್ಗಿಸುವವನು. ಅರ್ಧ ಬನ್ನು ಬಿಟ್ಟು ಓಡಿಯೇ ಹೋದ.

ಕಾಡಸಿದ್ದಪ್ಪ ಟೀ ಲೋಟ ಕೆಳಗಿಟ್ಟ. ಕಣ್ಣ ಮುಂದೆ ಈಯಲಿರುವ ಕುರಿಗಳು ಬರಿ ಕಲ್ಲು ನೆಕ್ಕತೊಡಗಿದವು. ಅಷ್ಟರಲ್ಲಿ ಹೆಂಡತಿ ಈರಕ್ಕ ಖಾಲಿ ಮೊಸರಿನ ಗಡಿಗೆ ಹೊತ್ತು ಬಂದಳು.

"ಕೆಟ್ಟೆ ಕಣೇ! ಬೋರಣ್ಣ ಕೇಳಿಸ್ಕಂಡ್ಬುಟ್ಟ!"

"ಓಡಿದ್ನಾ?"

"ಓಡ್ದ."

"ಸದ್ಯ." ಈರಕ್ಕ ಗಡಿಗೆ ಇಳಿಸಿದಳು. "ಹುಲ್ಲಿರೋದು ಮಧುಗಿರಿ ದಿಕ್ಕಿನ ಕೆರೇಲಿ. ನನ್ ತಮ್ಮ ಬೆಳಗ್ಗೇನೇ ನಮ್ ಕುರಿ ಅಲ್ಲಿಗೆ ಹೊಡ್ಕಂಡು ಹೋದ. ನಿನ್ ಕಿವೀಗೆ ಶಿರಾ ಅಂತ ಹಾಕಿದ್ದು ಯಾಕಂದ್ಕಂಡೆ?"

ಜಯರಾಮಯ್ಯ ಸೌಟು ಹಿಡಿದೇ ನಕ್ಕ. "ಏನಪ್ಪಾ ಕಾನೂನು ಹಾಕ್ದೋನೇ?"

ಕಾಡಸಿದ್ದಪ್ಪ ಚಾಚಿದ ಕಾಲು ಮಡಚಿದ.

"ಕಾನೂನೆಲ್ಲ ಇವಳ್ದೇ ಕಣಣ್ಣ. ಒಂದು ಗಂಟೂ ನನಗೆ ಓದಕ್ಕೆ ಬರಕ್ಕಿಲ್ಲ. ನಾನು ಕೆಮ್ಮಿದ್ರೆ ನಮ್ಮನೆ ಕುರೀನೂ ತಲೆ ಎತ್ತಕ್ಕಿಲ್ಲ. ನೋಡೋನು ಓಬಳಪ್ಪ, ಹೊರೋನು ಕದಿರಯ್ಯ, ಓದೋಳು ಇವಳು. ನಾನು ಸುಳ್ಳು ಸಾರೋನು. ಅದೂ ನನಗೆ ಈಗ್ಲೇ ಗೊತ್ತಾಗಿದ್ದು."